ವೀರಗಲ್ಲಿನಲ್ಲಿ ಇಲ್ಲದವರು



ಯುದ್ಧ ಮತ್ತು ಹಿಂಸೆ ಮನುಷ್ಯರನ್ನು ಏನು ಮಾಡುತ್ತವೆ, ಅದನ್ನು ಕಲೆ ಮತ್ತು ಬರವಣಿಗೆ ಹೇಗೆ ಹಿಡಿಯುತ್ತವೆ ಎಂಬ ವಿಷಯವನ್ನು ನನಗೆ ಒಪ್ಪಿಸಿದ್ದೀರಿ. ಇದು ಒಂದು ಸಂಜೆಗೆ ಮುಗಿಯುವ ವಿಷಯವಲ್ಲ. ಹಾಗಾಗಿ ಅದನ್ನು ಒಂದು ತಕರಾರಿಗೆ ಇಳಿಸಿಕೊಂಡು ಬಂದಿದ್ದೇನೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಒಂದು ಕಲ್ಲು ಬೇಕು, ‘ನಮ್ಮವನು ಸುಮ್ಮನೆ ಸಾಯಲಿಲ್ಲ’ ಎಂದು ನಾಲ್ಕು ಜನರಿಗೆ ಹೇಳುವ ಕಲ್ಲು. ಅದೇ ಸಾವನ್ನು ಕೆತ್ತಲು, ಬರೆಯಲು ಕೂತವರಿಗೆ ಕಂಡದ್ದು ಬೇರೆಯೇ ಇರಬಹುದು. ಮನೆಯವರು ಕೇಳುವುದನ್ನು ಕೊಟ್ಟರೆ ಕಂಡದ್ದನ್ನು ಮುಚ್ಚಿಟ್ಟಂತೆ. ಕಂಡದ್ದನ್ನು ಕೊಟ್ಟರೆ ಅವರ ಕೈಯಿಂದ ಕಲ್ಲನ್ನು ಕಿತ್ತುಕೊಂಡಂತೆ. ಈ ಇಕ್ಕಟ್ಟನ್ನು ಯಾರು ಯಾರು ಹೇಗೆ ಎದುರಿಸಿದರು ಎಂಬುದನ್ನಷ್ಟೇ ಇವತ್ತು ನೋಡೋಣ.

ಮೊದಲು ನಮ್ಮ ಕಲ್ಲುಗಳು. ಕರ್ನಾಟಕದಲ್ಲಿ ಎರಡೂವರೆ ಸಾವಿರಕ್ಕೂ ಮಿಕ್ಕಿ ವೀರಗಲ್ಲುಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಆರ್. ಶೇಷಶಾಸ್ತ್ರಿ, ಷ. ಶೆಟ್ಟರ್ ಅವರಂಥವರು ಇವುಗಳ ಮೇಲೆ ದುಡಿದ ಕಾರಣ ಇವುಗಳ ಭಾಷೆ ನಮಗೆ ತಕ್ಕಮಟ್ಟಿಗೆ ಓದಲು ಬರುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಸತ್ತ ವೀರನನ್ನು ಎರಡೂ ಕಡೆ ಹಿಡಿದು ಕರೆದೊಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಶಿವಸನ್ನಿಧಿ: ಲಿಂಗ, ನಂದಿ, ಕೈಮುಗಿದು ಕೂತ ಅದೇ ವೀರ. ತುರುಗೊಳ್‌ನಲ್ಲಿ ಹಸು ಬಿಡಿಸಿಕೊಳ್ಳಲು ಹೋಗಿ ಸತ್ತವನು, ಊರಳಿವಿನಲ್ಲಿ ಸತ್ತವನು, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ ಕೇಳಿ ಓಡಿ ಸತ್ತವನು, ಎಲ್ಲರಿಗೂ ಹೆಚ್ಚುಕಡಿಮೆ ಇದೇ ಏಣಿ. ಕೆಳಗೆ ಎಷ್ಟೇ ರಕ್ತ ಹರಿದಿರಲಿ, ಕಣ್ಣು ಮೇಲೆ ಹತ್ತುತ್ತಾ ಹತ್ತುತ್ತಾ ಸಮಾಧಾನಕ್ಕೆ ಬರುವಂತೆ ಶಿಲ್ಪಿ ಕಟ್ಟಿರುತ್ತಾನೆ. ಸಾವಿನ ಕಲೆಯಲ್ಲಿ ಇಷ್ಟು ಪಕ್ಕಾ ಲೆಕ್ಕಾಚಾರದ ವಿನ್ಯಾಸ ಬೇರೆಲ್ಲಾದರೂ ಇದೆಯೇ ಎಂದು ನನಗೆ ಅನುಮಾನ.

ಬೆಂಗಳೂರಿಗೆ ತೀರ ಹತ್ತಿರದ ಉದಾಹರಣೆ ಬೇಗೂರು. ಗಂಗರ ಕಾಲದ ನಾಗತ್ತರನೆಂಬ ಅಧಿಕಾರಿ ಅರಸ ಎರೆಯಪ್ಪನ ಅಪ್ಪಣೆಯಂತೆ ತುಂಬೆಪಾಡಿಯ ಕಾಳಗಕ್ಕೆ ಹೋಗಿ ಸತ್ತ. ಅವನ ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಗೂರಿನ ನಾಗೇಶ್ವರ ಗುಡಿಯ ಇನ್ನೊಂದು ಕಲ್ಲು ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತನೆಂದು ಹೇಳುತ್ತದೆ. ‘ಬೆಂಗಳೂರು’ ಎಂಬ ಹೆಸರು ಸಿಗುವ ಹಳೆಯ ದಾಖಲೆ ಎಂದು ಪತ್ರಿಕೆಗಳು ಆಗಾಗ ಈ ಕಲ್ಲಿನ ಚಿತ್ರ ಹಾಕುತ್ತವೆ. ಊರಿನ ಹೆಸರನ್ನು ಕೊಂಡಾಡುವ ಸಂಭ್ರಮದಲ್ಲಿ ಅದು ಒಬ್ಬ ಮಗನ ಸಾವಿನ ಸುದ್ದಿ ಎಂಬುದು ಮರೆತುಹೋಗುತ್ತದೆ, ಇರಲಿ. ಒಂದೇ ಮನೆಯ ಅಪ್ಪ, ಮಗ ಇಬ್ಬರೂ ಕಾಳಗದಲ್ಲಿ ಹೋದರು. ನಾಗತ್ತರನ ಪದವಿಯನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಸೀಮೆಯ ಹನ್ನೆರಡು ಹಳ್ಳಿಗಳನ್ನು ಅವನಿಗೆ ಕೊಟ್ಟ ಸಂಗತಿ ಆ ದೊಡ್ಡ ಕಲ್ಲಿನಲ್ಲಿ ವಿವರವಾಗಿ ಇದೆ. ಆದರೆ ಆ ಗಂಡನ ಹೆಂಡತಿ, ಆ ಮಗನ ತಾಯಿ ಈ ಎರಡೂ ಕಲ್ಲುಗಳಲ್ಲಿ ಇಲ್ಲ.

ವೀರಗಲ್ಲು ಉಳಿದವರನ್ನು ಪೂರ್ತಿ ಮರೆತಿದೆ ಎಂದರೆ ಅನ್ಯಾಯವಾಗುತ್ತದೆ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಗದ್ದೆಯನ್ನೋ ಬೆದ್ದಲನ್ನೋ ಬಿಟ್ಟ ಶಾಸನಗಳು ಬೇಕಾದಷ್ಟಿವೆ. ಕಲ್ಲು ನಿಲ್ಲಿಸಿದ ತಮ್ಮನ, ಮಗನ, ಹೆಂಡತಿಯ ಹೆಸರೂ ಕೆಲವೊಮ್ಮೆ ಬರುತ್ತದೆ. ಉಳಿದವರು ಅಲ್ಲಿ ಇರುವುದು ಹಕ್ಕುದಾರರಾಗಿ. ಅವರು ಹೇಗೆ ಬದುಕಿದರು ಎಂಬುದು ಕಲ್ಲಿನ ಕೆಲಸವಲ್ಲ. ಇನ್ನು ಹೆಂಡತಿ ಬದುಕಲಿಲ್ಲವಾದರೆ ಮಾತ್ರ ಅವಳಿಗೇ ಒಂದು ಕಲ್ಲು ಸಿಗುತ್ತಿತ್ತು. ಮಾಸ್ತಿಕಲ್ಲು ನೋಡಿದ್ದೀರಿ: ಒಂದು ಕಂಬದಿಂದ ಹೊರಟ ತೋಳು, ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ್ದು, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಬಹಳ ಕಡೆ ಮುಖವೇ ಇಲ್ಲ.

ಕಾವ್ಯ ಈ ಏಣಿಯನ್ನು ಅಷ್ಟು ಸುಲಭವಾಗಿ ಹತ್ತಲಿಲ್ಲ. ವ್ಯಾಸಭಾರತದ ಸ್ತ್ರೀಪರ್ವದಲ್ಲಿ ಗಾಂಧಾರಿ ಕಾಣುವ ಕುರುಕ್ಷೇತ್ರದಲ್ಲಿ ಹೆಂಗಸರು ಕತ್ತರಿಸಿ ಬಿದ್ದ ತಲೆಯನ್ನು ಮುಂಡಕ್ಕೆ ಕೂಡಿಸಿ ನೋಡಿ, ಅದು ಇದರದಲ್ಲವೆಂದು ತಿಳಿದು ಮತ್ತೆ ಹುಡುಕುತ್ತಾರೆ. ಆ ನೋಟದಲ್ಲಿ ಅಪ್ಸರೆಯರ ಸುಳಿವಿಲ್ಲ. ನಮ್ಮ ರನ್ನ, ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮಮಾಡಿ ಹೊಗಳಲು ‘ಗದಾಯುದ್ಧ’ಕ್ಕೆ ಕೈಹಾಕಿದವನು. ಆದರೂ ಹೆಣಗಳ ನಡುವೆ ಕಾಲು ಎಡವುತ್ತಾ, ದ್ರೋಣನ, ಮಗನ, ತಮ್ಮನ, ಕರ್ಣನ ಶವದ ಮುಂದೆ ನಿಂತು ನಿಂತು ಹೋಗುವ ದುರ್ಯೋಧನನಲ್ಲಿ ಅವನ ಕಾವ್ಯದ ಕಸುವೆಲ್ಲ ಇಳಿದುಬಿಟ್ಟಿದೆ. ಸಂಬಳ ಗೆದ್ದವನದು, ಕಾವ್ಯ ಸೋತವನದು! ಆಸ್ಥಾನದಲ್ಲಿ ಇದನ್ನು ಯಾರೂ ಗಮನಿಸಲಿಲ್ಲವೆ, ಗಮನಿಸಿಯೂ ಸುಮ್ಮನಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಕಲಾವಿದೆಯ ಬಳಿಗೆ ಬರುತ್ತೇನೆ. ಕೇಟೆ ಕೋಲ್ವಿಟ್ಸ್, ಹುಟ್ಟಿದ್ದು 1867ರಲ್ಲಿ, ಆಗಿನ ಪ್ರಷ್ಯದ ಕ್ಯೋನಿಗ್ಸ್‌ಬರ್ಗ್‌ನಲ್ಲಿ. ಗಂಡ ಕಾರ್ಲ್ ಬರ್ಲಿನ್ನಿನ ಕೂಲಿಕಾರರ ಕೇರಿಯಲ್ಲಿ ವೈದ್ಯ. ಇಬ್ಬರು ಗಂಡುಮಕ್ಕಳು. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಕಿರಿಯವನು ಪೀಟರ್ ಹದಿನೆಂಟರ ಹುಡುಗ. ಸ್ವಯಂಸೇವಕನಾಗಿ ಸೈನ್ಯ ಸೇರಲು ತಂದೆಯ ಒಪ್ಪಿಗೆ ಬೇಕಿತ್ತು. ಕಾರ್ಲ್ ಒಪ್ಪಲಿಲ್ಲ. ಮಗ ತಾಯಿಯ ಮುಖ ನೋಡಿದ. ತಾಯಿ ಮಗನ ಪರವಾಗಿ ಗಂಡನಲ್ಲಿ ಮಾತಾಡಿ ಒಪ್ಪಿಸಿದಳು. ಅಕ್ಟೋಬರ್ 22ರ ರಾತ್ರಿ ಬೆಲ್ಜಿಯಮ್ಮಿನಲ್ಲಿ, ಡಿಕ್ಸ್‌ಮೌಡದ ಹತ್ತಿರ, ಪೀಟರ್ ಸತ್ತ. ಆಗಸ್ಟಿಗೂ ಅಕ್ಟೋಬರಿಗೂ ನಡುವೆ ಎಷ್ಟು ದಿನ ಎಂದು ನೀವೇ ಎಣಿಸಿಕೊಳ್ಳಿ.

ಅದೇ ಡಿಸೆಂಬರಿನಲ್ಲಿ ಆಕೆ ಮಗನಿಗೊಂದು ಸ್ಮಾರಕ ಮಾಡುವ ನಿರ್ಧಾರ ಮಾಡಿದರು. ಮೊದಲ ಕಲ್ಪನೆ ಏನಿತ್ತೆಂದರೆ, ಅಂಗಾತ ಮಲಗಿದ ಮಗ, ಅವನ ತಲೆಯ ಕಡೆ ತಂದೆ, ಕಾಲ ಕಡೆ ತಾಯಿ. ತನ್ನ ಮಗನಂತೆ ತಾವಾಗಿಯೇ ಹೋಗಿ ಸತ್ತ ಎಲ್ಲ ಹುಡುಗರ ತ್ಯಾಗಕ್ಕೆ ಗೌರವ. ನಮ್ಮ ಕಣ್ಣಿಗೆ ಅದು ಒಂದು ವೀರಗಲ್ಲು. ಮಾಡಿದರು, ಕೆಡವಿದರು, ಮತ್ತೆ ಮಾಡಿದರು. ಕೈ ಓಡಲಿಲ್ಲ. ಕಾರಣ ಆಕೆಯ ದಿನಚರಿಯಲ್ಲಿ ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತದೆ. ತ್ಯಾಗವೆಂದು ನಂಬಿ ಮಗನನ್ನು ಕಳಿಸಿದ್ದು. ಅದು ತ್ಯಾಗವಲ್ಲ, ವಂಚನೆ ಎಂದು ಈಗ ಒಪ್ಪಿದರೆ ಮಗನ ನಂಬಿಕೆಗೆ ದ್ರೋಹ; ಒಪ್ಪದಿದ್ದರೆ ತನ್ನ ಕಣ್ಣಿಗೇ ದ್ರೋಹ. ಕಲ್ಲು ಕೇಳುವ ತಾಯಿ, ಕಲ್ಲು ಕೆತ್ತುವ ಕಲಾವಿದೆ ಇಬ್ಬರೂ ಒಂದೇ ಮೈಯಲ್ಲಿದ್ದರು, ತಕರಾರು ತೀರಲಿಲ್ಲ. 1918ರ ಅಕ್ಟೋಬರಿನಲ್ಲಿ, ಜರ್ಮನಿ ಸೋಲುವ ಹೊತ್ತಿಗೆ, ರಿಚರ್ಡ್ ಡೇಮೆಲ್ ಎಂಬ ಕವಿ ಇನ್ನಷ್ಟು ಜನ ಸ್ವಯಂಸೇವಕರಾಗಿ ಬನ್ನಿ ಎಂದು ಕರೆ ಕೊಟ್ಟಾಗ, ಸಾಕು, ಇನ್ನೊಬ್ಬನೂ ಸಾಯಬೇಕಿಲ್ಲ ಎಂದು ಆಕೆ ಪತ್ರಿಕೆಯಲ್ಲಿ ಬಹಿರಂಗವಾಗಿ ಉತ್ತರ ಬರೆದರು. ಅಲ್ಲಿಗೆ ಬರಲು ನಾಲ್ಕು ವರ್ಷ ಹಿಡಿದಿತ್ತು. ಮರುವರ್ಷ ಸ್ಮಾರಕದ ಕೆಲಸವನ್ನೇ ಬಿಟ್ಟುಬಿಟ್ಟರು.

ನಡುವೆ ‘ಯುದ್ಧ’ ಎಂಬ ಏಳು ಚಿತ್ರಗಳ ಮಾಲೆ ಬಂತು. ತಾಮ್ರದ ತಗಡಿನ ಮೇಲೆ ಕೊರೆದು ನೋಡಿದರು, ಲಿಥೋ ಕಲ್ಲಿನ ಮೇಲೆ ಬರೆದು ನೋಡಿದರು, ಯಾವುದೂ ಹಿಡಿಸಲಿಲ್ಲ. 1920ರಲ್ಲಿ ಅರ್ನ್ಸ್ಟ್ ಬಾರ್ಲಾಖ್‌ನ ಮರದಚ್ಚಿನ ಚಿತ್ರಗಳನ್ನು ಕಂಡ ಮೇಲೆ ಮರಕ್ಕೆ ತಿರುಗಿದರು. ಮರದಚ್ಚಿನಲ್ಲಿ ಬೂದುಬಣ್ಣದ ನಯ ಕಡಿಮೆ; ಕೆತ್ತಿ ತೆಗೆದದ್ದು ಬಿಳಿ, ಬಿಟ್ಟದ್ದು ಕಪ್ಪು. ಈ ಮಾಲೆಯ ವಿಶೇಷವೆಂದರೆ ಏಳು ಹಾಳೆಗಳಲ್ಲಿ ಒಂದರಲ್ಲೂ ರಣರಂಗವಿಲ್ಲ. ಬಂದೂಕಿಲ್ಲ, ಶತ್ರುವಿಲ್ಲ. ಮಗುವನ್ನು ಎತ್ತಿ ಒಪ್ಪಿಸುತ್ತಿರುವ ತಾಯಿ, ಮೃತ್ಯುವಿನ ತಮಟೆಯ ಹಿಂದೆ ಮೈಮರೆತು ಹೊರಟ ಹುಡುಗರು, ಒಬ್ಬರ ಮೇಲೊಬ್ಬರು ಕುಸಿದ ತಂದೆತಾಯಿ, ವಿಧವೆಯರು, ಮಕ್ಕಳನ್ನು ನಡುವೆ ಬಚ್ಚಿಟ್ಟುಕೊಂಡು ಗೋಡೆಯಂತೆ ಕೂಡಿನಿಂತ ತಾಯಂದಿರು. ಯುದ್ಧದ ಹೆಸರಿಟ್ಟು ಮನೆಯನ್ನಷ್ಟೇ ತೋರಿಸಿದ ಧೈರ್ಯ ಅದು.

ಅದಾದ ಮೇಲೆಯೇ ಸ್ಮಾರಕಕ್ಕೆ ಮರಳಲು ಸಾಧ್ಯವಾದದ್ದು. ಮುಗಿದು ನಿಂತದ್ದು 1932ರ ಬೇಸಿಗೆಯಲ್ಲಿ, ಬೆಲ್ಜಿಯಮ್ಮಿನ ಸೈನಿಕರ ಸ್ಮಶಾನದಲ್ಲಿ. ಶುರುಮಾಡಿ ಹದಿನೇಳೂವರೆ ವರ್ಷದ ನಂತರ. ಆಗ ನೋಡಿದರೆ ಮಗನೇ ಇಲ್ಲ! ಮೊದಲ ಕಲ್ಪನೆಯ ನಡುವೆ ಮಲಗಿದ್ದ ವೀರನನ್ನು ತೆಗೆದುಹಾಕಿದ್ದರು. ಉಳಿದದ್ದು ಎರಡು ಬೇರೆ ಬೇರೆ ಪೀಠಗಳ ಮೇಲೆ ಮಂಡಿಯೂರಿದ ಗ್ರಾನೈಟಿನ ತಂದೆ, ತಾಯಿ. ತಂದೆ ಎರಡೂ ಕೈಗಳಿಂದ ತನ್ನ ಎದೆಯನ್ನು ತಾನೇ ಬಿಗಿದುಕೊಂಡು ನೇರ ಕೂತಿದ್ದಾನೆ. ತಾಯಿ ಮುಂದಕ್ಕೆ ಬಾಗಿದ್ದಾಳೆ. ಮುಖಗಳು ಕಾರ್ಲ್ ಮತ್ತು ಕೇಟೆಯವು. ಇಬ್ಬರ ನಡುವೆ ಖಾಲಿ ಜಾಗ. ಒಬ್ಬರಿಗೊಬ್ಬರು ಸಮಾಧಾನ ಹೇಳುವ ಭಂಗಿಯೂ ಇಲ್ಲ. ಆ ಮಂಡಿಯೂರಿದ ಭಂಗಿಯನ್ನು ಕೆಲವರು ಪ್ರಾರ್ಥನೆ ಎಂದು ಓದುತ್ತಾರೆ. ನನಗೆ ಅದು ಕ್ಷಮೆ ಕೇಳುವ ಭಂಗಿಯಾಗಿ ಕಾಣುತ್ತದೆ, ಮಗನಲ್ಲಿ. 1950ರ ದಶಕದಲ್ಲಿ ಆ ಸ್ಮಶಾನವನ್ನು ವ್ಲಾಡ್ಸ್ಲೊ ಎಂಬಲ್ಲಿಗೆ ಸೇರಿಸಿದಾಗ ಪ್ರತಿಮೆಗಳೂ ಹೋದವು. ಅಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜರ್ಮನ್ ಸೈನಿಕರ ಸಮಾಧಿಗಳಿವೆ. ಪೀಟರನ ಹೆಸರಿರುವ ಕಲ್ಲು ಈ ತಂದೆತಾಯಿಯ ಎದುರಿಗೇ ಇದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. 1933ರಲ್ಲಿ ನಾತ್ಸಿಗಳು ಆಕೆಯನ್ನು ಪ್ರಷ್ಯನ್ ಕಲಾ ಅಕಾಡೆಮಿಯಿಂದ ಹೊರಗಟ್ಟಿದರು. ಹಿರಿಯ ಮಗ ತನ್ನ ಮಗನಿಗೆ ತಮ್ಮನ ನೆನಪಿಗೆಂದು ಪೀಟರ್ ಎಂದೇ ಹೆಸರಿಟ್ಟಿದ್ದ. ಆ ಮೊಮ್ಮಗ 1942ರಲ್ಲಿ ರಷ್ಯದ ರಣರಂಗದಲ್ಲಿ ಸತ್ತ. 1945ರ ಏಪ್ರಿಲ್ 22ರಂದು, ಯುದ್ಧ ಮುಗಿಯಲು ಎರಡು ವಾರವಷ್ಟೇ ಇರುವಾಗ, ಆಕೆ ತೀರಿಕೊಂಡರು. ಆಮೇಲೆ ಆಕೆಯ ಕೃತಿಗೇ ಒದಗಿದ ವಿಪರ್ಯಾಸ ನೋಡಿ. 1993ರಲ್ಲಿ ಬರ್ಲಿನ್ನಿನ ನೊಯೆ ವಾಖೆ ಎಂಬ ರಾಷ್ಟ್ರೀಯ ಸ್ಮಾರಕದಲ್ಲಿ, ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಆಕೆಯ ಒಂದು ಪುಟ್ಟ ಶಿಲ್ಪವನ್ನು ಹಲವು ಪಟ್ಟು ಹಿಗ್ಗಿಸಿ ನಿಲ್ಲಿಸಿದರು. ಯುದ್ಧ ಮತ್ತು ದಬ್ಬಾಳಿಕೆಗೆ ಬಲಿಯಾದ ಎಲ್ಲರಿಗೆ ಎಂದು ಅರ್ಪಿಸಿದರು. ಕೊಂದ ಸೈನ್ಯದವನೂ ಕೊಲೆಯಾದ ಯಹೂದಿಯೂ ಒಂದೇ ಮಡಿಲಿಗೆ ಸೇರುವುದು ಹೇಗೆ ಎಂದು ಆಕ್ಷೇಪ ಎದ್ದಿತು. ಆಕ್ಷೇಪ ನ್ಯಾಯವಾದದ್ದೇ. ಗುರುತು ಅಳಿಸಿದ ದುಃಖ ಸರ್ಕಾರಗಳಿಗೆ ಬಹಳ ಅನುಕೂಲ.

ಕೋಲ್ವಿಟ್ಸ್‌ಗೆ ತಕರಾರು ತನ್ನೊಳಗೇ ಇತ್ತು. ಬೇರೆಯವರ ದುಃಖವನ್ನು ಬರೆಯಲು ಹೋದವರಿಗೆ ಅದು ನ್ಯಾಯಾಲಯದ ಮೆಟ್ಟಿಲವರೆಗೂ ಬರಬಹುದು. ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಸೋವಿಯತ್ ಒಕ್ಕೂಟದ ಅಫ್ಘಾನಿಸ್ತಾನ ಯುದ್ಧದ ಬಗ್ಗೆ, ಸತುವಿನ ಪೆಟ್ಟಿಗೆಗಳಲ್ಲಿ ಬೆಸುಗೆ ಹಾಕಿ ಮನೆಗೆ ಬಂದ ಹುಡುಗರ ಬಗ್ಗೆ ಒಂದು ಪುಸ್ತಕ ಮಾಡಿದರು. ತಾಯಂದಿರ, ಸೈನಿಕರ, ದಾದಿಯರ ಮಾತುಗಳನ್ನು ಕೇಳಿ ಕೇಳಿ ಕಟ್ಟಿದ ಪುಸ್ತಕ. 1992-93ರಲ್ಲಿ ಮಿನ್ಸ್ಕ್ ನಗರದಲ್ಲಿ ಆಕೆಯ ಮೇಲೆ ದಾವೆ ಬಿತ್ತು. ಹೂಡಿದವರಲ್ಲಿ ಆಕೆಯ ಎದುರು ಕೂತು ಅತ್ತು ಮಾತಾಡಿದ್ದ ತಾಯಿಯೂ ಇದ್ದರು. ತಮ್ಮ ಮಾತನ್ನು ತಿರುಚಲಾಗಿದೆ, ಸತ್ತ ಮಕ್ಕಳ ಮಾನ ಹೋಗಿದೆ ಎಂಬುದು ದೂರು. ಆ ದಾವೆಯ ಹಿಂದೆ ರಾಜಕೀಯ ಒತ್ತಾಸೆ ಇತ್ತೆಂದು ಲೇಖಕಿಯ ಪರ ನಿಂತವರು ಹೇಳಿದರು. ಇದ್ದೀತು. ಆದರೂ ಆ ತಾಯಿಯನ್ನು ಕೇವಲ ಕೈಗೊಂಬೆ ಎನ್ನಲು ನನಗೆ ಮನಸ್ಸಿಲ್ಲ. ಯುದ್ಧವೇ ತಪ್ಪು ಎಂದಾದರೆ ಅವಳ ಮಗ ಯಾತಕ್ಕೆ ಸತ್ತ? ಮಗ ಮೊದಲೇ ಹೋಗಿದ್ದ. ಉಳಿದಿದ್ದ ಒಂದು ಅರ್ಥವನ್ನೂ ಪುಸ್ತಕ ಕಸಿದುಕೊಂಡಿತು. ಲೇಖಕಿ ಮಾಡಿದ ಒಂದು ಕೆಲಸ ನನಗೆ ದೊಡ್ಡದೆನಿಸುತ್ತದೆ. ಮುಂದಿನ ಆವೃತ್ತಿಗಳಲ್ಲಿ ಆ ವಿಚಾರಣೆಯ ಕಾಗದಪತ್ರಗಳನ್ನೂ, ತನ್ನ ವಿರುದ್ಧದ ಮಾತುಗಳನ್ನೂ ಪುಸ್ತಕದೊಳಗೇ ಸೇರಿಸಿದರು. ಆ ಯುದ್ಧದಲ್ಲಿ ಸತ್ತ ಸೋವಿಯತ್ ಸೈನಿಕರು ಸುಮಾರು 15,000. ಅಫ್ಘನ್ನರ ಸಾವು ಅದರ ಎಷ್ಟೋ ಪಟ್ಟು. ಆ ಪುಸ್ತಕದಲ್ಲಿ ಅಫ್ಘನ್ ತಾಯಂದಿರ ದನಿ ಕಡಿಮೆ ಎಂಬುದನ್ನೂ ಹೇಳಿಬಿಡಬೇಕು.

ಇನ್ನೊಂದು ಕಲ್ಲಿನ ವಿಚಾರ. ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕನ್ನರ ಸ್ಮಾರಕವಿದೆ. 1981ರಲ್ಲಿ ಸ್ಪರ್ಧೆಗೆ ಬಂದ 1,400ಕ್ಕೂ ಹೆಚ್ಚು ವಿನ್ಯಾಸಗಳಲ್ಲಿ ಆಯ್ಕೆಯಾದದ್ದು ಮಾಯಾ ಲಿನ್ ಎಂಬ ಇಪ್ಪತ್ತೊಂದರ ವಿದ್ಯಾರ್ಥಿನಿಯದು. ನೆಲವನ್ನು ಸೀಳಿದಂತೆ ಇಳಿದು ಏರುವ ಎರಡು ಕಪ್ಪು ಗೋಡೆಗಳು, ಅವುಗಳ ಮೇಲೆ ಹೆಸರುಗಳು. ಹುದ್ದೆಯಿಲ್ಲ, ಊರಿಲ್ಲ, ಅಕ್ಷರಮಾಲೆಯ ಕ್ರಮವೂ ಇಲ್ಲ. ಯಾರು ಯಾವಾಗ ಬಿದ್ದರೋ ಆ ಕ್ರಮ. 1982ರಲ್ಲಿ ತೆರೆದಾಗ 57,939 ಹೆಸರುಗಳಿದ್ದವು. ಕನ್ನಡಿಯಂತೆ ಹೊಳೆಯುವ ಆ ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರು ಕಡೆಯ ಗಣಿಯಿಂದ. ಹೆಸರು ಓದುವವರಿಗೆ ಹೆಸರಿನ ಹಿಂದೆ ತಮ್ಮದೇ ಮುಖ ಕಾಣಲೆಂದೇ ಆ ಹೊಳಪಿನ ಕಲ್ಲನ್ನು ಆರಿಸಿದರು. ವೀರಗಲ್ಲಿನ ನಾಡಿನ ಕಲ್ಲು, ವೀರಗಲ್ಲಿನ ಮೂರೂ ಪಟ್ಟಿಕೆಗಳನ್ನು ಬಿಟ್ಟುಕೊಟ್ಟು ಅಲ್ಲಿ ನಿಂತಿತು. ಮಾಜಿ ಸೈನಿಕರಲ್ಲಿ ಹಲವರು ಕೆರಳಿದರು: ಇದು ಅವಮಾನದ ಗುಂಡಿ, ನಮಗೆ ಧ್ವಜ ಬೇಕು, ಎದೆಯೆತ್ತಿದ ಪ್ರತಿಮೆ ಬೇಕು. ರಾಜಿಯಾಗಿ 1984ರಲ್ಲಿ ಪಕ್ಕದಲ್ಲಿ ಮೂವರು ಯೋಧರ ಕಂಚಿನ ಪ್ರತಿಮೆ ಬಂತು. ಜನ ಮಾತ್ರ ಗೋಡೆಗೇ ಹೋಗಿ ಹೆಸರನ್ನು ಮುಟ್ಟುತ್ತಾರೆ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳುತ್ತಾರೆ.

ಆ ಗೋಡೆಯಲ್ಲಿ ವಿಯೆಟ್ನಾಮಿನವರು ಒಬ್ಬರೂ ಇಲ್ಲ. 1991ರಲ್ಲಿ ಕ್ರಿಸ್ ಬರ್ಡನ್ ಎಂಬ ಅಮೆರಿಕನ್ ಕಲಾವಿದ ತಾಮ್ರದ ದೊಡ್ಡ ತಗಡುಗಳ ಮೇಲೆ ಮೂವತ್ತು ಲಕ್ಷ ವಿಯೆಟ್ನಾಮಿ ಹೆಸರುಗಳನ್ನು ಕೊರೆಸಿದ. ಸತ್ತವರ ನಿಜವಾದ ಹೆಸರುಗಳ ಪಟ್ಟಿ ಸಿಗದೆ, ಟೆಲಿಫೋನ್ ಪುಸ್ತಕದ ಹೆಸರುಗಳನ್ನೇ ಕಂಪ್ಯೂಟರಿನಲ್ಲಿ ಕಲಸಿ ಜೋಡಿಸಿದ. ಉದ್ದೇಶ ಒಳ್ಳೆಯದು, ಆದರೆ ಬದುಕಿಯೇ ಇರದವರ ಹೆಸರುಗಳಿಂದ ಸತ್ತವರನ್ನು ನೆನೆಯುವುದು ನನಗಂತೂ ಕಸಿವಿಸಿ. ನಮ್ಮ ಸೋಮನಾಥ ಹೋರ್ ಹಿಡಿದ ದಾರಿ ಇದಕ್ಕಿಂತ ಪ್ರಾಮಾಣಿಕ. ಚಿತ್ತಗಾಂಗಿನ ಈ ಕಲಾವಿದ 1942ರ ಜಪಾನಿ ಬಾಂಬುಗಳನ್ನು, 1943ರ ಬಂಗಾಳದ ಬರವನ್ನು ಕಣ್ಣಾರೆ ಕಂಡವರು. ಎಪ್ಪತ್ತರ ದಶಕದಲ್ಲಿ ಶಾಂತಿನಿಕೇತನದಲ್ಲಿ ‘ಗಾಯಗಳು’ ಎಂಬ ಮಾಲೆ ಮಾಡಿದರು. ಹಲಗೆಯಂಥ ಮಣ್ಣು ಅಥವಾ ಮೇಣವನ್ನು ಅಲಗಿನಿಂದ ಸೀಳಿ, ಚುಚ್ಚಿ, ಸುಟ್ಟು, ಅದರಿಂದ ಅಚ್ಚು ತೆಗೆದು, ಅಚ್ಚಿನ ಮೇಲೆ ಕಾಗದದ ಹಸಿ ತಿರುಳನ್ನು ಒತ್ತುತ್ತಿದ್ದರು. ಒಣಗಿದಾಗ ಬಿಳಿ ಕಾಗದದಲ್ಲಿ ಬಿಳಿಯದೇ ಸೀಳು, ಚರ್ಮದ ಮೇಲಿನ ಗಾಯದ ಹಾಗೆ. ಯಾರ ಮೈ, ಯಾವ ಯುದ್ಧ ಎಂದು ಹೇಳಲಿಲ್ಲ. ಯಾರದೋ ಹೆಸರನ್ನು ಸಾಲ ತರಲೂ ಇಲ್ಲ. ವಿಯೆಟ್ನಾಮಿನ ಜನಕ್ಕೆ ಗೌರವವಾಗಿ ಅವರು ತಾಯಿ ಮಗುವಿನ ಒಂದು ದೊಡ್ಡ ಕಂಚಿನ ಶಿಲ್ಪ ಮಾಡಿದ್ದರು. 1977ರಲ್ಲಿ ಅದು ಮುಗಿಯುತ್ತಿದ್ದಂತೆ ಶಾಂತಿನಿಕೇತನದ ಕಲಾಭವನದಿಂದಲೇ ಕಳುವಾಯಿತು, ಮತ್ತೆ ಸಿಗಲಿಲ್ಲ. ಕಳ್ಳರಿಗೆ ಬೇಕಾದದ್ದು ಕಂಚು.

‘ನಾವು ಕಣ್ಣಲ್ಲಿ ನೋಡದ ಹಿಂಸೆಯ ಬಗ್ಗೆ ಬರೆಯಬಹುದೆ, ಸಾರ್?’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬರೆಯಬಹುದು. ಆದರೆ ಏನನ್ನು ಎಣಿಸುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಇದಕ್ಕೆ ನೀವೆಲ್ಲ ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಹಲಗಲಿ ಬೇಡರ ಲಾವಣಿಯನ್ನೇ ತೆಗೆದುಕೊಳ್ಳಿ. ಹಲಗಲಿ ಇರುವುದು ಮುಧೋಳದ ಸೀಮೆಯಲ್ಲಿ, ರನ್ನನ ಊರಿನ ಪಕ್ಕದಲ್ಲಿ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಕಂಪನಿ ಸರ್ಕಾರದ ಆಜ್ಞೆಗೆ ಬೇಡರು ಬಗ್ಗಲಿಲ್ಲ. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಹನುಮ, ಬಾಲ, ಜಡಗ, ರಾಮ ಎಂದು ಲಾವಣಿ ವೀರರನ್ನು ಹೆಸರು ಹಿಡಿದು ಕರೆಯುತ್ತದೆ. ಅಷ್ಟರ ಮಟ್ಟಿಗೆ ಅದು ಹಾಡಿನ ವೀರಗಲ್ಲು. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ದಂಡಿನವರು ಮನೆಮನೆ ಹೊಕ್ಕು ಏನೇನು ದೋಚಿದರೆಂದು ಎಣಿಸತೊಡಗುತ್ತದೆ: ಹೊಲದ ಮುಟ್ಟುಗಳು, ಉಪ್ಪು, ಎಣ್ಣೆ, ಬೆಲ್ಲ, ಅರಿಸಿನ, ಕಡೆಗೆ ಬೀಸುವ ಕಲ್ಲನ್ನೂ ಬಿಡಲಿಲ್ಲ. ಶಾಲೆಯಲ್ಲಿ ಈ ಭಾಗವನ್ನು ಮೇಷ್ಟ್ರು ಬೇಗ ಓದಿಸಿಬಿಡುತ್ತಾರೆ, ವೀರಾವೇಶ ಇಳಿದುಹೋಗುತ್ತದೆಂದು! ಲಾವಣಿಯ ಜೀವವಿರುವುದೇ ಅಲ್ಲಿ. ನಾಳೆ ಬೆಳಗ್ಗೆ ಹಿಟ್ಟು ಬೀಸಬೇಕಾದವಳು ಆ ಪಟ್ಟಿಯಲ್ಲಿದ್ದಾಳೆ. ವೀರರ ಹೆಸರನ್ನು ಬಿಡದೆ, ಉಪ್ಪಿನ ಲೆಕ್ಕವನ್ನೂ ಬಿಡದೆ ಎರಡನ್ನೂ ಲಾವಣಿಕಾರ ಒಂದೇ ಉಸಿರಿನಲ್ಲಿ ಹಾಡಿದ್ದಾನೆ. ಹಲಗಲಿಯವರು ಅವನ ಮೇಲೆ ಯಾವ ದೂರೂ ಹೇಳಿದಂತಿಲ್ಲ. ಕಟ್ಟಿದವನು ಕುರ್ತಕೋಟಿಯ ದೇವರಾದ ಕಲ್ಮೇಶನ ಹೆಸರನ್ನು ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಇದನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು ಊರು ಸುಟ್ಟ ಬ್ರಿಟಿಷ್ ಆಳ್ವಿಕೆಯದೇ ಅಧಿಕಾರಿ, ಜೆ. ಎಫ್. ಫ್ಲೀಟ್. ನಮ್ಮ ವೀರಗಲ್ಲುಗಳ ಎಷ್ಟೋ ಶಾಸನಗಳನ್ನು ಓದಿಕೊಟ್ಟ ತಲೆಮಾರಿನ ವಿದ್ವಾಂಸ ಅವನು. ಆ ಬೀಸುವ ಕಲ್ಲಿನ ಸಾಲು ಬಂದಾಗ ಅವನಿಗೆ ಏನನಿಸಿತೋ, ಇಂಗ್ಲಿಷಿಗೆ ಅನುವಾದಿಸಿ ಕನ್ನಡದ ಜೊತೆಗೇ ಪ್ರಕಟಿಸಿದ.